ಗಾಳದ ಕೋಲಿಗೆ ಯಾವ ರಿಂಗು?

ಪ್ರಶ್ನೆ: ಹಳೆಯ 9 ಅಡಿಯ ಫ್ಲೈ ರಾಡ್ ಒಂದು ಕೈಸೇರಿದೆ. ದಾರ ಹಾಯುವ ರಿಂಗುಗಳು ಸವೆದಂತಿವೆ. ಎಂಥವನ್ನು ಹಾಕಲಿ?
– ಓದುಗರೊಬ್ಬರು, ಗೋಪನಕೊಪ್ಪ, ಹುಬ್ಬಳ್ಳಿ

ಉತ್ತರ: ಮೊದಲು ನಿಜಕ್ಕೂ ಸವೆದಿವೆಯೇ ನೋಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪ್ರತಿ ರಿಂಗಿನ ಒಳಗೆ ಸುತ್ತಾಡಿಸಿ. ಎಳೆ ಸಿಕ್ಕಿಕೊಂಡಲ್ಲಿ ಗೀರು ಬಿದ್ದಿದೆ. ದುಬಾರಿ ದಾರದ ಮೈ ತರಿಯಲು ಅಷ್ಟು ಸಾಕು.

ಫ್ಲೈ ಗಾಳದಲ್ಲಿ ಕೊಕ್ಕೆಗೆ ಕಟ್ಟಿದ ಹುಸಿ ನೊಣಕ್ಕೆ ತೂಕವೇ ಇಲ್ಲ. ಎಸೆತಕ್ಕೆ ಬೇಕಾದ ಭಾರವೆಲ್ಲ ದಾರದ್ದೇ. ಅದಕ್ಕೇ ದಾರ ದಪ್ಪ, ಅದು ಸಲೀಸಾಗಿ ಜಾರಬೇಕು. ಹಿಡಿಕೆಯ ಹತ್ತಿರ ಸೆರಾಮಿಕ್ ಒಳಬಳೆಯ ದೊಡ್ಡ ರಿಂಗು ಒಂದೆರಡು ಇರಲಿ. ಅಲ್ಲಿಂದ ಮೇಲಕ್ಕೆ ತಂತಿ ತಿರುಚಿ ಮಾಡಿದ ಹಗುರವಾದ ‘ಸ್ನೇಕ್’ ಗೈಡುಗಳೇ ಲೇಸು. ಚೆಂದ ಕಾಣುತ್ತದೆಂದು ಎಲ್ಲ ಕಡೆ ಸೆರಾಮಿಕ್ ಹಾಕಬೇಡಿ. ತುದಿ ಭಾರವಾದರೆ ಕೋಲು ಸೋಮಾರಿಯಾಗುತ್ತದೆ. ಲೆಕ್ಕ ಸುಲಭ: ಅಡಿಗೊಂದು, ಮೇಲೊಂದು. ನಿಮ್ಮದಕ್ಕೆ ಸುಮಾರು 10.

ನೂಲಿನಿಂದ ಕೋಲಿಗೆ ಕಟ್ಟುವ ಮುನ್ನ ರಿಂಗಿನ ಪಾದದ ಅಂಚನ್ನು ಸಣ್ಣ ಅರದಿಂದ ಉಜ್ಜಿ ಇಳಿಜಾರು ಮಾಡಿ. ಇಲ್ಲದಿದ್ದರೆ ನೂಲು ಏರುವಲ್ಲಿ ಸಂದು ಉಳಿಯುತ್ತದೆ, ಚೂಪು ಅಂಚು ಕೋಲನ್ನೇ ಕೊರೆಯುತ್ತದೆ. ನೂಲಿನ ಮೇಲೆ ವಾರ್ನಿಶ್ ಅಥವಾ ಎಪಾಕ್ಸಿ ಬಳಿಯಿರಿ. ತುದಿಯ ರಿಂಗಿಗೆ ಮಾತ್ರ ಬಿಸಿ ತಾಗಿದರೆ ಬಿಡುವ ಅಂಟು ಹಾಕಿ; ನಾಳೆ ಅದನ್ನೂ ಬದಲಿಸಬೇಕಾಗುತ್ತದೆ.

1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಎಂಬುವರು ಹಿಡಿದ ಮಹಶೀರ್ ಮೀನು 120 ಪೌಂಡ್ ತೂಗಿತ್ತು. ಅಂಥ ಮೀನಿನ ಆಸೆಯಿದ್ದರೆ ದಪ್ಪ ತಂತಿಯ, ಎರಡು ಪಾದದ ಗೈಡು ಬೇಕು. ಆದರೆ ಕಾವೇರಿಯ ಆ ದೊಡ್ಡ ಮಹಶೀರ್ ಈಗ ಅಳಿವಿನಂಚಿನಲ್ಲಿದೆ. ನೀರಿಗಿಳಿಯುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಮಹಶೀರ್ ಸಿಕ್ಕರೆ ನೀರಿಗೇ ಬಿಡಿ.