ಗುದ್ದಿದ್ದೋ, ತಾಗಿದ್ದೋ?

ಅಪಘಾತ ಕಂಡವರನ್ನು ಕೇಳುವಾಗ ‘ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?’ ಎನ್ನಬಹುದು, ‘ತಾಗಿದಾಗ ಎಷ್ಟಿತ್ತು?’ ಎಂದೂ ಕೇಳಬಹುದು. ಈ ಕ್ರಿಯಾಪದ ಬದಲಾದರೆ ಉತ್ತರವೂ ಬದಲಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದರು. 45 ವಿದ್ಯಾರ್ಥಿಗಳು ಅಪಘಾತದ ಕಿರುಚಿತ್ರಗಳನ್ನು ನೋಡಿದ್ದರು. ಅಪ್ಪಳಿಸುವ ಮಾತು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40.8 ಮೈಲಿ, ಅಂದರೆ ಸುಮಾರು 66 ಕಿ.ಮೀ. ತಾಗುವ ಮಾತು ಕೇಳಿಸಿಕೊಂಡವರದು 31.8 ಮೈಲಿ, ಸುಮಾರು 51 ಕಿ.ಮೀ. ಎಲ್ಲರೂ ನೋಡಿದ್ದು ಅದೇ ಚಿತ್ರಗಳನ್ನು.

ಪ್ರಶ್ನೆಯ ದನಿಗೆ ತಕ್ಕಂತೆ ಬಾಯಿಗೆ ಬಂದ ಸಂಖ್ಯೆ ಹೇಳಿರಬಹುದಲ್ಲ ಎಂಬ ಸಂದೇಹ ಸಹಜ. ಅದಕ್ಕೇ ಎರಡನೆಯ ಪ್ರಯೋಗ ಹೆಚ್ಚು ಮುಖ್ಯ. ಇಲ್ಲಿ 150 ಮಂದಿ. ಚಿತ್ರ ತೋರಿಸಿ, ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತೇ ಎಂದು ಕೇಳಲಾಯಿತು. ಚಿತ್ರದಲ್ಲಿ ಗಾಜಿನ ಚೂರೇ ಇರಲಿಲ್ಲ. ‘ಅಪ್ಪಳಿಸಿದಾಗ’ ಎಂಬ ಪ್ರಶ್ನೆ ಎದುರಿಸಿದ್ದ 50 ಜನರಲ್ಲಿ 16 ಮಂದಿ ಕಂಡೆವು ಎಂದರು. ಸಾಧಾರಣವಾದ ‘ಹೊಡೆದಾಗ’ ಎಂಬ ಪದ ಕೇಳಿದ್ದವರಲ್ಲಿ 7 ಮಂದಿ. ವೇಗದ ಪ್ರಶ್ನೆಯೇ ಇಲ್ಲದವರಲ್ಲಿ 6. ವಾರದ ಹಿಂದಿನ ಒಂದು ಕ್ರಿಯಾಪದ ನೆನಪಿನೊಳಗೆ ಗಾಜು ಒಡೆದಿತ್ತು.

ಕ್ರಿಯಾಪದವಷ್ಟೇ ಅಲ್ಲ, ವಾಕ್ಯದ ಕಟ್ಟೂ ಈ ಕೆಲಸ ಮಾಡುತ್ತದೆ. ‘ಯಾವುದಾದರೂ ದೀಪ ಒಡೆದಿತ್ತೇ?’ ಎಂಬ ಪ್ರಶ್ನೆ ಏನನ್ನೂ ಮೊದಲೇ ಒಪ್ಪಿಕೊಂಡಿಲ್ಲ. ‘ಆ ಒಡೆದ ದೀಪವನ್ನು ನೋಡಿದಿರಾ?’ ಎಂದಾಗ ದೀಪ ಒಡೆದದ್ದು ಆಗಲೇ ಇತ್ಯರ್ಥವಾಗಿಬಿಟ್ಟಿದೆ. ನೋಡಿದಿರೋ ಇಲ್ಲವೋ ಎಂಬುದಷ್ಟೇ ಬಾಕಿ. ಕನ್ನಡದ ವಿಭಕ್ತಿ ಪ್ರತ್ಯಯಗಳೂ ಇಂಥದೇ ಕೆಲಸಕ್ಕೆ ಒದಗುತ್ತವೆ. ‘ಬೈಕ್‌ಗೆ ಲಾರಿ ಡಿಕ್ಕಿ’ ಎಂಬ ತಲೆಬರಹ ಓದಿದವರು ಲಾರಿ ಚಾಲಕನನ್ನು ಬೈಯುತ್ತಾರೆ. ‘ಲಾರಿಗೆ ಬೈಕ್ ಡಿಕ್ಕಿ’ ಎಂದರೆ ಸವಾರನ ಅವಸರ ನೆನಪಾಗುತ್ತದೆ. ‘ಲಾರಿ–ಬೈಕ್ ಡಿಕ್ಕಿ’ಯಲ್ಲಿ ತಪ್ಪು ಯಾರ ತಲೆಗೂ ಕಟ್ಟಿಲ್ಲ. ತನಿಖೆ ಮುಗಿಯುವ ಮೊದಲೇ ಒಂದು ‘ಗೆ’ ಆರೋಪ ಹೊರಿಸಬಲ್ಲದು. ಸುದ್ದಿಮನೆಗಳು ಇದರ ಬಗ್ಗೆ ಇನ್ನಷ್ಟು ಎಚ್ಚರ ವಹಿಸಬೇಕು.

ಹಾಗೆಂದು ನೆನಪೆಲ್ಲ ಮಾತಿನ ಕೈಗೊಂಬೆಯಲ್ಲ. ತರಗತಿಯಲ್ಲಿ ಕೂತು ಚಿತ್ರ ನೋಡುವವರಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಕೆನಡಾದಲ್ಲಿ ನಿಜವಾದ ಗುಂಡಿನ ದಾಳಿಯೊಂದನ್ನು ಕಂಡಿದ್ದ 13 ಸಾಕ್ಷಿಗಳನ್ನು ಯೂಲ್ ಮತ್ತು ಕಟ್‌ಶಲ್ ಎಂಬ ಸಂಶೋಧಕರು ತಿಂಗಳುಗಳ ನಂತರ ಮಾತನಾಡಿಸಿದರು. ಇಲ್ಲದ ಒಡೆದ ದೀಪದ ಪ್ರಶ್ನೆಯನ್ನೂ ಸೇರಿಸಿದ್ದರು. ಹೆಚ್ಚಿನವರು ಮೋಸ ಹೋಗಲಿಲ್ಲ. 1986ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವರ ವಿವರಗಳು ಬಹುಮಟ್ಟಿಗೆ ಸರಿಯಾಗಿದ್ದವು. ಕಣ್ಣಿಗೆ ಗಾಢವಾಗಿ ಬಿದ್ದದ್ದನ್ನು ಪದ ಅಲುಗಿಸುವುದು ಕಷ್ಟ. ಮಸುಕಾಗಿ ಕಂಡ ವೇಗ, ದೂರ, ಹೊತ್ತುಗಳ ಮೇಲೆ ಅದರ ಆಟ ಸುಲಭ.

ಮನಶ್ಶಾಸ್ತ್ರಕ್ಕಿಂತ ಮುಂಚೆಯೇ ಕಾನೂನು ಈ ಅಪಾಯವನ್ನು ಗುರುತಿಸಿತ್ತು. ಕೇಳುವವರು ಬಯಸಿದ ಉತ್ತರವನ್ನು ಸೂಚಿಸುವ ಪ್ರಶ್ನೆಯನ್ನು 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಸೂಚಕ ಪ್ರಶ್ನೆ ಎಂದು ಕರೆಯಿತು. ಎದುರು ಪಕ್ಷದವರು ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಮುಖ್ಯ ವಿಚಾರಣೆಯಲ್ಲಿ ಅದನ್ನು ಕೇಳುವಂತಿಲ್ಲ. ಪಾಟೀಸವಾಲಿನಲ್ಲಿ ಮಾತ್ರ ಕೇಳಬಹುದು, ಏಕೆಂದರೆ ಅಲ್ಲಿ ಸಾಕ್ಷಿ ಸಾಮಾನ್ಯವಾಗಿ ಎದುರು ಪಕ್ಷದ್ದು. ವಕೀಲರ ಸೂಚನೆಗೆ ತಲೆಯಾಡಿಸುವ ಸಂಭವ ಕಡಿಮೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ.

ಆದರೆ ಸಾಕ್ಷಿ ಕಟಕಟೆ ಹತ್ತುವ ಹೊತ್ತಿಗೆ ಪೊಲೀಸರು, ನೆಂಟರು, ವರದಿಗಾರರು ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ಕೇಳಿ ಮುಗಿಸಿರುತ್ತಾರೆ. ಹಾಗಾಗಿ 1980ರ ದಶಕದಲ್ಲಿ ಅಮೆರಿಕದ ಫಿಷರ್ ಮತ್ತು ಗೈಸಲ್‌ಮನ್ ರೂಪಿಸಿದ ವಿಚಾರಣಾ ಕ್ರಮ ಮೊದಲ ಭೇಟಿಯ ಮೇಲೇ ಗಮನವಿಡುತ್ತದೆ: ‘ಏನಾಯಿತು, ಹೇಳಿ’ ಎಂದು ಬಿಟ್ಟುಬಿಡಬೇಕು, ನಡುವೆ ಬಾಯಿ ಹಾಕಬಾರದು, ಸಾಕ್ಷಿ ತಾನಾಗಿ ಬಳಸಿದ ಪದಗಳಲ್ಲೇ ಮುಂದಿನ ಪ್ರಶ್ನೆಗಳನ್ನು ಕೇಳಬೇಕು.