ವಿಂಗಡಣೆ ಯಾರ ಹಿತಕ್ಕಾಗಿ?

ಪದವಿ ತರಗತಿಗಳು ಆರಂಭವಾಗುವ ವೇಳೆಗೆ ದಕ್ಷಿಣ ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆದುಹೋಗುತ್ತದೆ. ದ್ವಿತೀಯ ಪಿಯುಸಿಯ ಒಟ್ಟು ಅಂಕಗಳನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಗಳನ್ನು ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಹಂಚಲಾಗುತ್ತದೆ. ಮೂರು ವರ್ಷ ಆ ಹಂಚಿಕೆ ಬದಲಾಗುವುದಿಲ್ಲ. ನಿವೃತ್ತಿಯ ಬಳಿಕ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಮೊದಲ ವರ್ಷದ ಕೆಲವರಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿರುವ ನನಗೆ ಇದರ ಪರಿಣಾಮ ಚೆನ್ನಾಗಿ ಕಾಣುತ್ತಿದೆ. ಸಾಮರ್ಥ್ಯಕ್ಕೆ ತಕ್ಕಂತೆ ಗುಂಪು ಮಾಡುವುದೇ ಅನ್ಯಾಯವೆಂದು ಹಲವರು ವಾದಿಸುತ್ತಾರೆ. ಗುಂಪು ಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಯಾವ ಆಧಾರದ ಮೇಲೆ, ಎಷ್ಟು ಕಾಲಕ್ಕೆ, ಯಾರ ಹಿತಕ್ಕಾಗಿ ಎಂಬುದನ್ನು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕು.

ಅರ್ಥಶಾಸ್ತ್ರದ ಮೊದಲ ತರಗತಿಗೆ ಬರುವವರ ಹಿನ್ನೆಲೆ ಒಂದೇ ಬಗೆಯದಲ್ಲ. ಪಿಯುಸಿಯಲ್ಲಿ ಮೂಲ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಓದಿದವರು ಅಲ್ಲಿರುತ್ತಾರೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆ ಅರ್ಥಶಾಸ್ತ್ರ ಓದಿ, ಎಸ್ಸೆಸ್ಸೆಲ್ಸಿಗೇ ಗಣಿತವನ್ನು ಕೈಬಿಟ್ಟವರೂ ಇರುತ್ತಾರೆ. ಜಯನಗರದ ಇಂಗ್ಲಿಷ್ ಮಾಧ್ಯಮದ ಮಕ್ಕಳ ಪಕ್ಕದಲ್ಲೇ ಕನಕಪುರ, ಹಾರೋಹಳ್ಳಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬನಶಂಕರಿಯಲ್ಲಿ ಇಳಿಯುವ ಕನ್ನಡ ಮಾಧ್ಯಮದ ಮಕ್ಕಳು ಕೂರುತ್ತಾರೆ.

ಗಾಂಧಿಬಜಾರಿನಲ್ಲಿ ಹಬ್ಬದ ಮುನ್ನಾದಿನ ಒಂದು ಮೊಳ ಮಲ್ಲಿಗೆಯ ಬೆಲೆ 40 ರೂಪಾಯಿಯಿಂದ 50ಕ್ಕೆ ಏರಿತೆನ್ನಿ. ಏರಿಕೆ ಶೇ 25. ಹಬ್ಬ ಮುಗಿದು 50ರಿಂದ 40ಕ್ಕೆ ಇಳಿದರೆ ಇಳಿಕೆ ಶೇ 20. ಅದೇ ಹತ್ತು ರೂಪಾಯಿ ಎರಡು ಶೇಕಡಾವಾರು ಆಗುವುದೇಕೆಂದು ಹೊಳೆಯದವರಿಗೆ ಬೇಡಿಕೆಯ ಸ್ಥಿತಿಸ್ಥಾಪಕತ್ವವು ಬಾಯಿಪಾಠದ ಸೂತ್ರವಾಗಿಯೇ ಉಳಿಯುತ್ತದೆ. ಈ ತೊಡಕನ್ನು ಕೆಲವು ವಾರಗಳ ಅಭ್ಯಾಸದಿಂದ ನೀಗಿಸಬಹುದು. ಆದರೆ ಪಿಯುಸಿಯ ಒಟ್ಟು ಅಂಕ ಅದನ್ನು ತೋರಿಸುವುದೇ ಇಲ್ಲ. ಇತಿಹಾಸದಲ್ಲಿ 95 ಅಂಕ ಪಡೆದವಳು ಇಲ್ಲಿ ಎಡವಬಹುದು. ಇಂಗ್ಲಿಷಿನಲ್ಲಿ ಕಡಿಮೆ ಅಂಕ ಪಡೆದವನಿಗೆ ಇದು ಸಲೀಸಾಗಬಹುದು.

ಎಲ್ಲರನ್ನೂ ಬೆರೆಸಿ ಕೂರಿಸಿದರೆ ಹಿಂದುಳಿದವರು ತಾವಾಗಿಯೇ ಮೇಲೇರುತ್ತಾರೆ ಎಂಬ ನಂಬಿಕೆಗೆ ಆಧಾರ ಗಟ್ಟಿಯಾಗಿಲ್ಲ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿಗಳ ಟ್ಯುಟೋರಿಯಲ್ ಗುಂಪುಗಳ ಮೇಲೆ ನಡೆಸಿದ ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಯಿತು. ಸಾಮರ್ಥ್ಯವಾರು ಮೂರು ಗುಂಪು ಮಾಡಿದರೆ ಕೆಳಗಿನ ಮತ್ತು ಮಧ್ಯಮ ಹಂತದವರಿಗೆ ಲಾಭವಾಗುತ್ತದೆ, ಮೇಲಿನವರಿಗೆ ನಷ್ಟವಾಗುವುದಿಲ್ಲ ಎಂದು ಅದು ಲೆಕ್ಕ ಹಾಕಿತು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಬಲ್ಲವರ ಜೊತೆ ದುರ್ಬಲರನ್ನು ಬೇಕೆಂದೇ ಸೇರಿಸಿ ನೋಡಿದಾಗ, ದುರ್ಬಲರ ಸಾಧನೆ ಇನ್ನಷ್ಟು ಕುಸಿಯಿತು. ಒಂದೇ ತುಕಡಿಯೊಳಗೆ ಅವರವರದೇ ಕೂಟಗಳು ಏರ್ಪಟ್ಟಿದ್ದವು. ಕೀನ್ಯಾದ 121 ಪ್ರಾಥಮಿಕ ಶಾಲೆಗಳಲ್ಲಿ ಎಸ್ತರ್ ಡುಫ್ಲೊ, ಪಾಸ್ಕಲಿನ್ ದ್ಯೂಪಾ ಮತ್ತು ಮೈಕೆಲ್ ಕ್ರೇಮರ್ ನಡೆಸಿದ ಅಧ್ಯಯನದಲ್ಲಿಯೂ ವಿಂಗಡಣೆಯಿಂದ ಎರಡೂ ಬಗೆಯ ಮಕ್ಕಳಿಗೆ ಅನುಕೂಲವಾಯಿತು. ಆದರೆ ಅಲ್ಲಿ ಯಾವ ವಿಭಾಗಕ್ಕೆ ಯಾವ ಶಿಕ್ಷಕರು ಎಂಬುದನ್ನು ಚೀಟಿ ಎತ್ತುವ ಬಗೆಯಲ್ಲಿ ನಿರ್ಧರಿಸಲಾಗಿತ್ತು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ನಡೆಯುವುದೇ ಬೇರೆ. ಅನುಭವಿ ಪ್ರಾಧ್ಯಾಪಕರು ‘ಎ’ ವಿಭಾಗಕ್ಕೆ ಹೋಗುತ್ತಾರೆ. ‘ಬಿ’ ವಿಭಾಗವು ಹಲವೆಡೆ ವರ್ಷ ವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರ ಪಾಲಿಗೆ ಬರುತ್ತದೆ. ಅವರಲ್ಲಿ ಸಮರ್ಥರಿಗೆ ಕೊರತೆಯಿಲ್ಲ. ಆದರೆ ವಿದ್ಯಾರ್ಥಿಯನ್ನು ಅರಿಯುವಷ್ಟು ಕಾಲ ಅವರು ಅಲ್ಲಿ ನಿಲ್ಲುವಂತಿಲ್ಲ. ಹೀಗೆ ಅಂಕದ ಹೆಸರಿನಲ್ಲಿ ಆದ ಹಂಚಿಕೆ ಕ್ರಮೇಣ ಇಂಗ್ಲಿಷ್ ಮಾಧ್ಯಮ–ಕನ್ನಡ ಮಾಧ್ಯಮ, ಪಟ್ಟಣ–ಹಳ್ಳಿ ಎಂಬ ಹಂಚಿಕೆಯಾಗಿ ಗಟ್ಟಿಯಾಗುತ್ತದೆ. ನನ್ನ ಬಳಿಗೆ ಬರುವ ಹುಡುಗಿಯೊಬ್ಬಳು ತನ್ನನ್ನು ಪರಿಚಯಿಸಿಕೊಂಡದ್ದೇ ‘ನಾನು ಬಿ ಸೆಕ್ಷನ್ ಸರ್’ ಎಂದು.

ಆಡಳಿತದಲ್ಲಿದ್ದವರಿಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನೆನಪಿರಬೇಕು. ಅರ್ಥಶಾಸ್ತ್ರಜ್ಞರಾಗಿದ್ದ ಅವರ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಹೆಚ್ಚು ಹಣ ಅಲ್ಲಿಗೆ ಹರಿಯಲಿ ಎಂಬುದೇ ಆ ವರ್ಗೀಕರಣದ ಉದ್ದೇಶವಾಗಿತ್ತು. ಹಿಂದುಳಿದ ತಾಲ್ಲೂಕೆಂದು ಘೋಷಿಸಿ ಇದ್ದ ಅನುದಾನವನ್ನೂ ಕಡಿತಗೊಳಿಸಿದ್ದರೆ ಯಾವ ಶಾಸಕರು ಸುಮ್ಮನಿರುತ್ತಿದ್ದರು? ಕಾಲೇಜುಗಳು ಮಾಡುತ್ತಿರುವುದು ಅದನ್ನೇ.

ನ್ಯಾಕ್ 2017ರಲ್ಲಿ ತಂದ ಪರಿಷ್ಕೃತ ಚೌಕಟ್ಟು, ವಿದ್ಯಾರ್ಥಿಗಳ ಕಲಿಕಾ ಮಟ್ಟವನ್ನು ಅಳೆದು ನಿಧಾನವಾಗಿ ಕಲಿಯುವವರಿಗೂ ಮುಂದಿರುವವರಿಗೂ ವಿಶೇಷ ಕಾರ್ಯಕ್ರಮ ರೂಪಿಸಿದ್ದೀರಾ ಎಂದು ಕಾಲೇಜುಗಳನ್ನು ಕೇಳಿತ್ತು. ಕಡತದಲ್ಲಿ ಉತ್ತರ ಬರೆಯುವುದು ಕಷ್ಟವಲ್ಲ. ತರಗತಿಯಲ್ಲಿ ಅದನ್ನು ತೋರಿಸಲು ಇಷ್ಟು ಸಾಕು: ಉಪನ್ಯಾಸ ಎಲ್ಲರಿಗೂ ಒಟ್ಟಿಗೇ ನಡೆಯಲಿ. ಮೊದಲ ವಾರ ಶೇಕಡಾವಾರು, ರೇಖಾಚಿತ್ರ, ಪಠ್ಯವನ್ನು ಓದಿ ಗ್ರಹಿಸುವಿಕೆ ಇವುಗಳ ಮೇಲೆ ಕಿರುಪರೀಕ್ಷೆಯಿರಲಿ. ಉತ್ತರವನ್ನು ಕನ್ನಡದಲ್ಲೂ ಬರೆಯಲು ಅವಕಾಶವಿರಲಿ. ವಾರಕ್ಕೆ ಎರಡು ಗಂಟೆಯ ಅಭ್ಯಾಸ ತರಗತಿಗಷ್ಟೇ ಗುಂಪುಗಳಾಗಲಿ. ಆರು ವಾರಕ್ಕೊಮ್ಮೆ ಮರುಪರೀಕ್ಷೆ ನಡೆಸಿ ಗುಂಪು ಬದಲಿಸಲಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ–ಕಲಿ ಪದ್ಧತಿಯಲ್ಲಿ ಮಗು ಮೆಟ್ಟಿಲು ಏರಿದಂತೆ ಗುಂಪೂ ಬದಲಾಗುತ್ತಿತ್ತು. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗೆ ಸಾಧ್ಯವಾದದ್ದು ಮಹಾನಗರದ ಕಾಲೇಜಿಗೆ ಅಸಾಧ್ಯವೇನಲ್ಲ.

ಹೆಚ್ಚುವರಿ ತರಗತಿಗೆ ಸಿಬ್ಬಂದಿ ಎಲ್ಲಿದ್ದಾರೆ ಎಂಬ ಪ್ರಾಂಶುಪಾಲರ ಆಕ್ಷೇಪ ನ್ಯಾಯವಾದದ್ದೇ. ಆದರೆ ಇರುವ ಸಿಬ್ಬಂದಿಯನ್ನು ಹಂಚುವ ಅಧಿಕಾರ ಅವರ ಕೈಯಲ್ಲೇ ಇದೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಗೆ ಸಹಿ ಹಾಕುವ ಮುನ್ನ, ಅತ್ಯಂತ ಹಿಂದುಳಿದ ಗುಂಪಿನ ಎದುರು ಯಾರ ಹೆಸರಿದೆ ಎಂದು ಅವರು ಒಮ್ಮೆ ನೋಡಲಿ. ಅಲ್ಲಿ ಇಲಾಖೆಯ ಅತ್ಯುತ್ತಮ ಅಧ್ಯಾಪಕರ ಹೆಸರಿಲ್ಲವಾದರೆ ಆ ಗುಂಪನ್ನು ಮಾಡದಿರುವುದೇ ಲೇಸು.