ಮಗ ಅಮೆರಿಕದಿಂದ ರಾಡಾರ್ ಡಿಟೆಕ್ಟರ್ ತರ್ತಾನಂತೆ!

ಮೈಸೂರಿನ ವೀಕ್ಷಕರೊಬ್ಬರು ಫೋನ್ ಮಾಡಿದ್ರು. ಅವರ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ದಸರಾಕ್ಕೆ ಊರಿಗೆ ಬರ್ತಾ ಇದ್ದಾನೆ. 'ಅಪ್ಪಾ, ನಿಮಗೇನು ತರ್ಲಿ?' ಅಂತ ಮಗ ಕೇಳಿದ್ರೆ ಇವರು ವಾಚು ಕೇಳಲಿಲ್ಲ, ಫೋನು ಕೇಳಲಿಲ್ಲ. 'ಕಾರಿಗೊಂದು ರಾಡಾರ್ ಡಿಟೆಕ್ಟರ್ ತಗೊಂಡು ಬಾ' ಅಂದ್ರಂತೆ. ವಾರಕ್ಕೆರಡು ಸಲ ಬೆಂಗಳೂರಿಗೆ ಓಡಾಡೋ ಮನುಷ್ಯ. ಈಗಾಗಲೇ ಮೂರು ದಂಡದ ನೋಟಿಸ್ ಮನೆಗೆ ಬಂದಿವೆ. 'ಯಾವ ಥರದ್ದು ತರಿಸಲಿ, ನೀವೇ ಹೇಳಿ ಸಾರ್' ಅಂತ ನನ್ನ ಕೊರಳಿಗೆ ಕಟ್ಟಿದ್ರು.

ಪ್ರಶ್ನೆ ಚೆನ್ನಾಗಿದೆ. ಉತ್ತರ ಹೇಳೋಕೆ ಮುಂಚೆ ಈ ಡಬ್ಬಿ ಮಾಡೋದೇನು ಅಂತ ಗೊತ್ತಿರಬೇಕಲ್ವಾ?

ರೈಲು ಸಿಳ್ಳೆ ಹಾಕ್ಕೊಂಡು ಹತ್ತಿರ ಬರುವಾಗ ದನಿ ಕೀಚಲು, ದಾಟಿ ಹೋಗುವಾಗ ದಪ್ಪ. ಇದಕ್ಕೆ ಡಾಪ್ಲರ್ ಪರಿಣಾಮ ಅಂತಾರೆ. ಕ್ರಿಶ್ಚಿಯನ್ ಡಾಪ್ಲರ್ ಅನ್ನೋ ಆಸ್ಟ್ರಿಯಾದ ವಿಜ್ಞಾನಿ 1842ರಲ್ಲಿ ವಿವರಿಸಿದ್ದು. ಪೊಲೀಸರ ರಾಡಾರ್ ಗನ್ ಕೂಡ ಅದೇ ತತ್ವದ ಮೇಲೆ ಕೆಲಸ ಮಾಡುತ್ತೆ. ಗನ್‌ನಿಂದ ರೇಡಿಯೋ ಅಲೆ ಹೊರಡುತ್ತೆ, ನಿಮ್ಮ ಕಾರಿಗೆ ಬಡಿದು ವಾಪಸ್ ಬರುತ್ತೆ. ಹೋದ ಅಲೆಗೂ ಬಂದ ಅಲೆಗೂ ಕಂಪನಾಂಕದಲ್ಲಿ ಎಷ್ಟು ವ್ಯತ್ಯಾಸವಾಯ್ತು ಅನ್ನೋದರ ಮೇಲೆ ನಿಮ್ಮ ವೇಗದ ಲೆಕ್ಕ.

ಡಿಟೆಕ್ಟರ್‌ಗೆ ಆ ಲೆಕ್ಕ ಬೇಡ. ಅದು ಬರೀ ರಿಸೀವರ್, ಅಲೆ ಬರ್ತಾ ಇದೆಯಾ ಇಲ್ವಾ ಅಂತ ಕಿವಿಗೊಟ್ಟು ಕೂರುತ್ತೆ ಅಷ್ಟೆ. ಕತ್ತಲೆಯ ಹೊಲದಲ್ಲಿ ಯಾರೋ ಟಾರ್ಚ್ ಹಿಡ್ಕೊಂಡು ಬರ್ತಿದಾರೆ ಅಂದ್ಕೊಳ್ಳಿ. ಅವರಿಗೆ ನೀವು ಕಾಣೋದಕ್ಕೆ ಎಷ್ಟೋ ಮುಂಚೆ ಅವರ ಟಾರ್ಚ್ ನಿಮಗೆ ಕಂಡಿರುತ್ತೆ. ಯಾಕೆ? ಬೆಳಕು ನಿಮ್ಮ ತನಕ ಬಂದ್ರೆ ನಿಮಗೆ ಸಾಕು. ಅವರಿಗೆ ಅದು ನಿಮಗೆ ಬಡಿದು ವಾಪಸ್ ಹೋಗಬೇಕು. ಈ ವ್ಯತ್ಯಾಸದಲ್ಲೇ ಒಂದು ದೊಡ್ಡ ವ್ಯಾಪಾರ ಹುಟ್ಟಿಕೊಳ್ತು.

ಹುಟ್ಟಿದ್ದು ಅಮೆರಿಕದಲ್ಲಿ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಲ್ಲಿ ಪೆಟ್ರೋಲಿಗೆ ಕ್ಯೂ. ಇಂಧನ ಉಳಿಸೋಕೆ ಅಂತ ಅಧ್ಯಕ್ಷ ನಿಕ್ಸನ್ 1974ರ ಜನವರಿಯಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದ್ರೆ ಸುಮಾರು 88 ಕಿಲೋಮೀಟರ್ ಮಿತಿಯ ಕಾನೂನಿಗೆ ಸಹಿ ಹಾಕಿದ್ರು. ಅಗಲವಾದ, ಖಾಲಿಯಾದ ಹೆದ್ದಾರಿ, ದೊಡ್ಡ ಇಂಜಿನ್ ಕಾರು, ಮಿತಿ ಮಾತ್ರ 88. ಜನ ಸುಮ್ಮನಿರ್ತಾರಾ? ಡಿಟೆಕ್ಟರ್‌ಗಳು ಬಿಸಿ ದೋಸೆ ಥರ ಖರ್ಚಾದ್ವು. 1978ರಲ್ಲಿ ಸಿನ್ಸಿನಾಟಿಯ ಕಂಪನಿಯೊಂದು ತಂದ 'ಎಸ್ಕಾರ್ಟ್' ಅನ್ನೋ ಯಂತ್ರ ದೊಡ್ಡ ಹೆಸರು ಮಾಡ್ತು. ಆ ದೇಶವ್ಯಾಪಿ ಮಿತಿ 1995ರಲ್ಲಿ ರದ್ದಾಯ್ತು. ಡಿಟೆಕ್ಟರ್ ಮಾತ್ರ ಉಳ್ಕೊಂಡ್ತು.

ಈಗ ಆಯ್ಕೆ ವಿಚಾರ. ಇದು ಮಗನಿಗೆ, ಅಪ್ಪನಿಗಲ್ಲ. ಅಲ್ಲಿನ ಪೊಲೀಸ್ ರಾಡಾರ್ ಮುಖ್ಯವಾಗಿ ಮೂರು ಬ್ಯಾಂಡ್‌ಗಳಲ್ಲಿ ಕೆಲಸ ಮಾಡುತ್ತೆ. ಎಕ್ಸ್ ಬ್ಯಾಂಡ್ 10.5 ಗಿಗಾಹರ್ಟ್ಸ್, ಅದು ಹಳೇದು, ಹೆಚ್ಚು ಕಡಿಮೆ ಮರೆಯಾಗಿದೆ. ಕೆ ಬ್ಯಾಂಡ್ 24. ಕೆಎ ಬ್ಯಾಂಡ್ 33ರಿಂದ 36. ಈಗ ಜಾಸ್ತಿ ಇರೋದು ಕೆಎ. ಹಾಗಾಗಿ ಡಿಟೆಕ್ಟರ್ ಕೊಳ್ಳೋರು ಮೊದಲು ನೋಡಬೇಕಾದ್ದು ಕೆಎ ಬ್ಯಾಂಡನ್ನ ಎಷ್ಟು ದೂರದಿಂದ ಹಿಡಿಯುತ್ತೆ ಅನ್ನೋದು. ಪೆಟ್ಟಿಗೆ ಮೇಲೆ ಎಷ್ಟು ಬ್ಯಾಂಡ್‌ನ ಹೆಸರು ಬರೆದಿದ್ದಾರೆ ಅನ್ನೋದಲ್ಲ.

ಎರಡನೇದು ಇದಕ್ಕಿಂತ ಮುಖ್ಯ. ಸುಳ್ಳು ಎಚ್ಚರಿಕೆ. ಕೆ ಬ್ಯಾಂಡಿನ ಆಸುಪಾಸಲ್ಲೇ ಅಂಗಡಿ ಬಾಗಿಲು ತಾನಾಗಿ ತೆರೆಯೋ ಸೆನ್ಸರ್ ಇದೆ. ಪಕ್ಕದಲ್ಲಿ ವಾಹನ ಬಂದ್ರೆ ಕನ್ನಡಿಯಲ್ಲಿ ದೀಪ ಹೊತ್ತಿಸೋ ಸೆನ್ಸರ್ ಕೂಡ ಎಷ್ಟೋ ಕಾರುಗಳಲ್ಲಿ ಅಲ್ಲೇ ಇದೆ. ಫಿಲ್ಟರ್ ಸರಿ ಇಲ್ಲದ ಅಗ್ಗದ ಡಿಟೆಕ್ಟರ್ ಇವಕ್ಕೆಲ್ಲಾ ಕಿರುಚುತ್ತೆ. ಎರಡು ದಿನ ಗಾಬರಿಯಾಗಿ ಬ್ರೇಕ್ ಒತ್ತುತ್ತೀರಿ, ಮೂರನೇ ದಿನ 'ಅಯ್ಯೋ ಬಡ್ಕೊಳ್ಲಿ ಬಿಡು' ಅಂತೀರಿ, ನಾಲ್ಕನೇ ದಿನ ನಿಜವಾದ ಪೊಲೀಸ್ ಸಿಗ್ತಾನೆ. ತೋಳ ಬಂತು ತೋಳ ಕಥೆ. ಹಾಗಾಗಿ ಒಳ್ಳೇ ಫಿಲ್ಟರ್ ಬೇಕು. ದಿನಾ ಹೋಗೋ ದಾರಿಯ ಸುಳ್ಳು ಸಿಗ್ನಲ್ ನೆನಪಿಟ್ಟುಕೊಳ್ಳೋ ಜಿಪಿಎಸ್ ಇದ್ರೆ ಇನ್ನೂ ಒಳ್ಳೇದು. ಸಿಗ್ನಲ್ ಮುಂದಿನಿಂದ ಬರ್ತಿದೆಯೋ ಹಿಂದಿನಿಂದಲೋ ಅಂತ ಬಾಣದ ಗುರುತು ತೋರಿಸೋ ಮಾಡೆಲ್‌ಗಳೂ ಇವೆ.

ಮಗ ಇನ್ನೊಂದು ವಿಷಯ ತಿಳ್ಕೊಂಡಿರಬೇಕು. ಖಾಸಗಿ ಕಾರಿಗೆ ನ್ಯೂಜೆರ್ಸಿಯಲ್ಲಿ ತೊಂದರೆ ಇಲ್ಲ. ಆದರೆ ದಕ್ಷಿಣಕ್ಕೆ ವಾಷಿಂಗ್ಟನ್ ಡಿಸಿ ಅಥವಾ ವರ್ಜೀನಿಯಾಕ್ಕೆ ಹೋದ್ರೆ ಅದು ಅಪರಾಧ. ಉತ್ತರಕ್ಕೆ ನಯಾಗರ ನೋಡೋಕೆ ಹೋಗಿ ಕೆನಡಾದ ಒಂಟಾರಿಯೊಗೆ ದಾಟಿದ್ರೂ ಅಪರಾಧ. ಬಚ್ಚಿಟ್ಟುಕೊಂಡ್ರೆ ಯಾರಿಗೆ ಗೊತ್ತಾಗುತ್ತೆ ಅಂತೀರಾ? ಡಿಟೆಕ್ಟರ್ ಒಳಗಿನ ಆಂದೋಲಕ ತಾನೂ ಸಣ್ಣಗೆ ಅಲೆ ಸೋರಿಸ್ತಾ ಇರುತ್ತೆ. ಆ ಸೋರಿಕೆ ಹಿಡಿಯೋ ಯಂತ್ರ ಪೊಲೀಸರ ಹತ್ರ ಇದೆ. ಡಿಟೆಕ್ಟರನ್ನ ಡಿಟೆಕ್ಟ್ ಮಾಡೋ ಡಿಟೆಕ್ಟರ್! ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋದು ಅಂದ್ರೆ ಇದೇ.

ಈಗ ಅಪ್ಪನ ವಿಷಯಕ್ಕೆ, ನಮ್ಮ ಮೈಸೂರು ರಸ್ತೆಗೆ ಬರೋಣ.

ನಮ್ಮ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಪೊಲೀಸರು ಹಿಡಿದಿರೋದು ಬಹುಮಟ್ಟಿಗೆ ಲೇಸರ್ ಗನ್. ರಾಡಾರ್ ಅಲೆ ಟಾರ್ಚ್ ಥರ ಹರಡಿಕೊಳ್ಳುತ್ತೆ, ಲೇಸರ್ ಹಾಗಲ್ಲ, ದಬ್ಬಣದ ಥರ. 300 ಮೀಟರ್ ದೂರದಲ್ಲೂ ಅದರ ಅಗಲ ಹೆಚ್ಚು ಕಡಿಮೆ ಒಂದು ಮೀಟರ್. ನಿಮ್ಮ ಮುಂದಿನ ಕಾರಿಗೆ ಬಿಟ್ಟಿದ್ದು ನಿಮಗೆ ಗೊತ್ತೇ ಆಗಲ್ಲ. ನಿಮಗೇ ಬಿಟ್ಟಾಗ ಅರ್ಧ ಸೆಕೆಂಡಿನೊಳಗೆ ಅಳತೆ ಮುಗಿದಿರುತ್ತೆ. ಡಿಟೆಕ್ಟರ್ ಕೂಗುತ್ತೆ, ನಿಜ. ಏನಂತ ಕೂಗುತ್ತೆ? 'ಸಾರ್, ನೀವು ಸಿಕ್ಕಿಬಿದ್ರಿ' ಅಂತ.

ಇನ್ನು ನಂಬರ್ ಪ್ಲೇಟ್ ಓದೋ ಕ್ಯಾಮೆರಾ. ಪ್ಲೇಟ್ ಓದೋಕೆ ಅದು ರಾಡಾರ್ ಅಲೆ ಬಿಡಲ್ಲ, ಬರೀ ನೋಡುತ್ತೆ. ನೋಡೋ ಕಣ್ಣನ್ನ ಯಾವ ರಿಸೀವರ್ ಹಿಡಿಯುತ್ತೆ? ಎರಡು ಕ್ಯಾಮೆರಾಗಳ ನಡುವೆ ಸರಾಸರಿ ಲೆಕ್ಕ ಹಾಕೋ ಪದ್ಧತಿಯಲ್ಲಂತೂ ಕಂಬದ ಹತ್ತಿರ ಬ್ರೇಕ್ ಒತ್ತೋ ಜಾಣತನಕ್ಕೂ ಬೆಲೆ ಇಲ್ಲ. 50 ಕಿಲೋಮೀಟರ್ ದೂರವನ್ನ 25 ನಿಮಿಷದಲ್ಲಿ ಮುಟ್ಟಿದ್ರೆ ನೀವು ಸರಾಸರಿ 120ರಲ್ಲಿ ಬಂದಿದ್ದೀರಿ. ಅದಕ್ಕೆ ಸಾಕ್ಷಿ ಬೇಕಿಲ್ಲ, ಗಡಿಯಾರ ಸಾಕು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಮಿತಿ. ದಾಟಿದ್ರೆ ನಮ್ಮಲ್ಲಿ 1,000 ರೂಪಾಯಿ ದಂಡ. 130 ದಾಟಿದ್ರೆ ದಂಡ ಕಟ್ಟಿ ಕೈತೊಳ್ಕೊಳ್ಳೋಕೆ ಆಗಲ್ಲ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಅಂಥವರ ಮೇಲೆ ಎಫ್‌ಐಆರ್ ಹಾಕ್ತೀವಿ ಅಂತ ಆಗಿನ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಅಲೋಕ್ ಕುಮಾರ್ ಹೇಳಿದ್ರು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್‌ನಲ್ಲಿ, ಅಂದ್ರೆ ಅಜಾಗರೂಕ ಚಾಲನೆಗೆ, 6 ತಿಂಗಳ ತನಕ ಜೈಲಿಗೂ ಅವಕಾಶ ಇದೆ.

ಇಷ್ಟೆಲ್ಲಾ ಸಾಹಸ ಯಾತಕ್ಕೆ? ಲೆಕ್ಕ ಹಾಕೋಣ. ರಸ್ತೆ ಸುಮಾರು 118 ಕಿಲೋಮೀಟರ್. 100ರಲ್ಲೇ ಹೋದ್ರೆ 71 ನಿಮಿಷ. ಉದ್ದಕ್ಕೂ 120ರಲ್ಲಿ ಹೋದ್ರೆ 59 ನಿಮಿಷ. ಉಳಿಯೋದು 12 ನಿಮಿಷ. ಆ 12 ನಿಮಿಷವನ್ನ ಕೆಂಗೇರಿಯಿಂದ ಈಚೆಗೆ ಬರೋಷ್ಟರಲ್ಲಿ ಬೆಂಗಳೂರು ಟ್ರಾಫಿಕ್ಕು ಬಡ್ಡಿ ಸಮೇತ ಕಿತ್ಕೊಳ್ಳುತ್ತೆ, ನಿಮಗೇ ಗೊತ್ತು.

ಕಳ್ಕೊಳ್ಳೋದೇನು? ಮುಂದೆ ಲಾರಿಯೊಂದು ಅಡ್ಡ ನಿಂತಿದೆ ಅಂತಿಟ್ಕೊಳ್ಳಿ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್. ರಸ್ತೆ ಒಣಗಿದೆ, ಬ್ರೇಕು ಟೈರು ಚೆನ್ನಾಗಿವೆ. 100ರಲ್ಲಿರೋ ಕಾರು ಹೆಚ್ಚು ಕಡಿಮೆ 97 ಮೀಟರ್‌ಗೆ ನಿಲ್ಲುತ್ತೆ. 120ರಲ್ಲಿರೋ ಕಾರಿಗೆ ಸುಮಾರು 129 ಮೀಟರ್ ಬೇಕು. 32 ಮೀಟರ್ ತಾನೇ ವ್ಯತ್ಯಾಸ ಅನ್ನಬೇಡಿ. ಲಾರಿ 97 ಮೀಟರ್ ದೂರದಲ್ಲಿದ್ರೆ, ಮೊದಲನೇ ಕಾರು ಅದರ ಹಿಂದೆ ನಿಂತ ಜಾಗದಲ್ಲಿ, ಎರಡನೇ ಕಾರು ಬ್ರೇಕ್ ಒತ್ತಿಕೊಂಡೇ ಇನ್ನೂ 75 ಕಿಲೋಮೀಟರ್‌ಗೂ ಮೇಲಿನ ವೇಗದಲ್ಲಿರುತ್ತೆ. ವೇಗ 20 ಜಾಸ್ತಿಯಾದ್ರೆ ಹೊಡೆತ 20ರದ್ದಲ್ಲ ಸ್ವಾಮಿ, 75ರದ್ದು. ಈ ಲೆಕ್ಕವನ್ನ ನಾನು ಎರಡು ಸಲ ಮಾಡಿ ನೋಡಿದೆ, ನನಗೇ ನಂಬಿಕೆ ಬರಲಿಲ್ಲ.

ಫೋನ್ ಮಾಡಿದವರಿಗೆ ಇಷ್ಟನ್ನೂ ಹೇಳಿದೆ. ಅವರಿಗೆ ಸಿಟ್ಟು ಬಂತು. 'ಹಾಗಾದ್ರೆ ಕಂಬಕ್ಕೊಂದು ಕ್ಯಾಮೆರಾ ಇಟ್ಟು ದುಡ್ಡು ಕೀಳೋದು ಸರಿನಾ?' ಅಂದ್ರು. ಆ ಸಿಟ್ಟಲ್ಲೂ ಒಂದು ಮಾತಿದೆ. 2021ರ ಆಗಸ್ಟಿನಲ್ಲಿ ಕೇಂದ್ರ ತಂದ 167ಎ ನಿಯಮ ಪೊಲೀಸರ ಮೇಲೂ ಷರತ್ತು ಹಾಕಿದೆ. ಕ್ಯಾಮೆರಾ ಇರೋ ಕಡೆ ಮೊದಲೇ ಎಚ್ಚರಿಕೆ ಫಲಕ ಇರಬೇಕು. ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣ ಆಗಬೇಕು. ನೋಟಿಸಿನಲ್ಲಿ ನಿಮ್ಮ ನಂಬರ್ ಪ್ಲೇಟ್ ಕಾಣೋ ಫೋಟೋ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಜಾಗ ಇರಬೇಕು. ಫೋಟೋದಲ್ಲಿರೋ ಕಾರು ನಿಮ್ಮದಲ್ಲದಿದ್ರೆ ಧಾರಾಳವಾಗಿ ಪ್ರಶ್ನೆ ಮಾಡಿ, ಅದು ನಿಮ್ಮ ಹಕ್ಕು. ಫಲಕ ಇಲ್ಲದ ಕಡೆ ಫಲಕ ಹಾಕಿ ಅಂತ ಕೇಳಿ. ಇಂಥ ದೂರು ಬಂದ್ರೆ ಟೀವಿಯಲ್ಲಿ ನಾವೂ ಕೇಳ್ತೀವಿ. ಆದರೆ ಅವರ ಮೂರೂ ಫೋಟೋದಲ್ಲಿದ್ದದ್ದು ಅವರದ್ದೇ ಕಾರು. ಅದನ್ನ ಅವರೇ ಒಪ್ಕೊಂಡ್ರು.

ಕೊನೆಗೆ ನಾನು ಒಂದು ಪ್ರಶ್ನೆ ಕೇಳಿದೆ. 'ನಿಮ್ಮ ಕಾರು ಯಾವ ವರ್ಷದ್ದು?' 2021ರದ್ದಂತೆ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದ್ರೆ ಆಗಾಗ ಬೀಪ್, 120 ದಾಟಿದ್ರೆ ಬಿಡದೆ ಬೀಪ್. ಮ್ಯಾಪ್ ಹಾಕ್ಕೊಂಡ್ರೆ ಫೋನು ಕೂಡ ಎಷ್ಟೋ ಕಡೆ ಮಿತಿ ಎಷ್ಟು, ಕ್ಯಾಮೆರಾ ಎಲ್ಲಿದೆ ಅಂತ ಪುಕ್ಕಟೆ ತೋರಿಸುತ್ತೆ.

'ಆ ಬೀಪ್ ನಿಮ್ಮ ಕಾರಲ್ಲಿ ಬರಲ್ವಾ ಸಾರ್?' ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಅಂದ್ರು: 'ತಲೆನೋವು ಅಂತ ಮೆಕ್ಯಾನಿಕ್ ಹತ್ರ ಕಟ್ ಮಾಡಿಸಿದೀನಿ.'